ಸಹಾಯ ಬೇಕು: ಅಲಸಂದೆ ಬೇರಿನ ಗಂಟು ಒಳಗೆ ಬೆಳ್ಳಗಿದೆ

ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಟೆರೇಸ್ ಮೇಲೆ ಗ್ರೋ ಬ್ಯಾಗ್‌ಗಳಲ್ಲಿ ಅಲಸಂದೆ, ಅವರೆ ಹಾಕಿದ್ದೇನೆ. ಬಿತ್ತಿ 40 ದಿನ ಆಯ್ತು. ಕೆಳಗಿನ ಎಲೆ ಹಳದಿ ಆಗ್ತಿವೆ, ಬಳ್ಳಿ ಏಳುತ್ತಲೇ ಇಲ್ಲ.

ನಿನ್ನೆ ಮನಸ್ಸು ಗಟ್ಟಿ ಮಾಡಿ ಒಂದು ಅಲಸಂದೆ ಗಿಡ ಕಿತ್ತು, ಬೇರನ್ನು ಬಕೆಟ್ ನೀರಲ್ಲಿ ಮೆಲ್ಲಗೆ ತೊಳೆದೆ. ಇಡೀ ಬೇರಿಗೆ ಐದೇ ಗಂಟು, ಸಾಸಿವೆ ಕಾಳಿನಷ್ಟು. ಉಗುರಿಂದ ತಳ್ಳಿದರೆ ಸಲೀಸಾಗಿ ಕಳಚಿ ಬಂದವು, ಹಾಗಾಗಿ ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಗಂಟಲ್ಲ. ಬ್ಲೇಡಿನಿಂದ ಕೊಯ್ದೆ. ಒಳಗೆ ಬೆಳ್ಳಗೆ! ವಿಜಯಪುರದ ಕಡೆ ನಮ್ಮ ಹೊಲದಲ್ಲಿ ಅಪ್ಪ ಶೇಂಗಾದ ಗಂಟು ಒಡೆದು ತೋರಿಸುತ್ತಿದ್ದರು, ಒಳಗೆ ಮಾಂಸದ ಹಾಗೆ ಕೆಂಪು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಂಥದ್ದೇ ಒಂದು ವಸ್ತು ಆ ಬಣ್ಣ ಕೊಡುತ್ತದೆ. ಅದಿದ್ದರೇ ಗಂಟಿನೊಳಗಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತಿದೆ ಎಂದರ್ಥ.

ತಪ್ಪು ನನ್ನದೇ ಇರಬೇಕು. ಬ್ಯಾಗ್‌ನಲ್ಲಿ ಜಾಸ್ತಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹೊಲದ ಮಣ್ಣು ಒಂದು ಹಿಡಿಯೂ ಇಲ್ಲ. ಮೇಲಿಂದ ಶುರುವಿನಲ್ಲೇ ಯೂರಿಯಾ ಹಾಕಿಬಿಟ್ಟೆ. ಸಾರಜನಕ ಸುಮ್ನೆ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಪುಣೆಯಲ್ಲಿ ಅಲಸಂದೆಯ ರೈಜೋಬಿಯಂ ಸಣ್ಣ ಪ್ಯಾಕೆಟ್ ಎಲ್ಲಿ ಸಿಗುತ್ತೆ? ಕಡಲೆಯದ್ದು ಬೇಡ, ಅದರ ಬ್ಯಾಕ್ಟೀರಿಯಾ ಬೇರೆ. ಈಗಿನ ಗಿಡಗಳ ಬುಡಕ್ಕೆ ನೀರಲ್ಲಿ ಕಲಸಿ ಹಾಕಿದರೆ ಉಪಯೋಗ ಆಗಿದೆಯಾ ಯಾರಿಗಾದರೂ? ಇಲ್ಲದಿದ್ದರೆ ಬೆಲ್ಲದ ನೀರಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಮತ್ತೆ ಬಿತ್ತುತ್ತೇನೆ. ಊರಿಂದ ಬರುವವರಿದ್ದರೆ ದಯವಿಟ್ಟು ಶೇಂಗಾ ಹೊಲದ ಮಣ್ಣು ಎರಡು ಕಿಲೋ ತಂದುಕೊಡಿ, ಅದರಲ್ಲಿರುವ ಬ್ಯಾಕ್ಟೀರಿಯಾ ಅಲಸಂದೆಗೂ ಆಗುತ್ತೆ. ಸ್ವಾರಗೇಟ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.