ಸಿಗರೇಟು ಬಿಡಿಸುವುದು ಮೊದಲೋ, ಸಿಟಿ ಸ್ಕ್ಯಾನ್ ಮೊದಲೋ?

ಪ್ರಶ್ನೆ (ಹುಮನಾಬಾದ್):
ನಮ್ಮ ತಂದೆಯವರಿಗೆ 61 ವರ್ಷ. ಮೂವತ್ತು ವರ್ಷಗಳಿಂದ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದಾರೆ. ತೊಗರಿ ರಾಶಿಯ ಕಾಲದಲ್ಲಂತೂ ಲೆಕ್ಕವೇ ಇರುವುದಿಲ್ಲ. ಕೆಮ್ಮು, ದಮ್ಮು ಏನೂ ಇಲ್ಲ. ಶ್ವಾಸಕೋಶದ ಕ್ಯಾನ್ಸರ್ ಬೇಗ ಪತ್ತೆಯಾಗಲು ಎಕ್ಸ್‌ರೇ ಸಾಕೇ?

ಉತ್ತರ 1 (ಕಲಬುರಗಿ):
ಸಾಲದು. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌ರೇಗೆ ಹೋಲಿಸಿದರೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಶೇ 20ರಷ್ಟು ಕಡಿಮೆಯಾಗಿತ್ತು. ಅಲ್ಲಿನ 2021ರ ಶಿಫಾರಸು 50ರಿಂದ 80 ವರ್ಷದೊಳಗಿದ್ದು, ದಿನಕ್ಕೆ 20 ಸಿಗರೇಟಿನಂತೆ 20 ವರ್ಷಕ್ಕೆ ಸಮನಾಗಿ ಸೇದಿದವರಿಗೆ, ಬಿಟ್ಟಿದ್ದರೆ 15 ವರ್ಷದೊಳಗಿನವರಿಗೆ, ವರ್ಷಕ್ಕೊಮ್ಮೆ ಅನ್ವಯಿಸುತ್ತದೆ. ನಮ್ಮ ಅಂಗಡಿಗಳ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಹತ್ತೇ ಇರುವುದರಿಂದ ಪ್ಯಾಕ್ ಎಣಿಸದೆ ಸಿಗರೇಟು ಎಣಿಸಿರಿ. ಹಳೆಯ ಕ್ಷಯದ ಕಲೆಯೂ ಗಂಟಿನಂತೆ ಕಾಣಿಸಿ, ಅನಗತ್ಯವಾಗಿ ಸೂಜಿ ಚುಚ್ಚಿ ತುಣುಕು ತೆಗೆಯುವ ಪರೀಕ್ಷೆಯವರೆಗೆ ಎಳೆದೊಯ್ಯಬಹುದು; ಆದ್ದರಿಂದ ಕ್ಷಯ ಬಂದಿತ್ತೇ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಇಲ್ಲಿಯೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ, ವಿಚಾರಿಸಬಹುದು.

ಉತ್ತರ 2 (ಯಾದಗಿರಿ):
ಸ್ಕ್ಯಾನ್ ಸ್ವಚ್ಛವಾಗಿ ಬಂದಿತೆಂದು ನಮ್ಮ ಕಾಕಾ ಮತ್ತೆ ಧೈರ್ಯವಾಗಿ ಸೇದತೊಡಗಿದ್ದರು! ಸಿಗರೇಟು ಬಿಡಿಸಲು ನಿಕೋಟಿನ್ ಗಮ್ ಕೊಟ್ಟರೆ ಎಲೆಅಡಿಕೆಯಂತೆ ಜಗಿದು, ಬಿಕ್ಕಳಿಕೆ ಬಂದು ಬಿಸಾಡಿದರು. ನಾಲ್ಕಾರು ಸಲ ನಿಧಾನವಾಗಿ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯೊಳಗೆ ಒತ್ತಿಟ್ಟುಕೊಳ್ಳಬೇಕೆಂದು ಆಮೇಲೆ ತಿಳಿಯಿತು. 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿದರೆ ತಂಬಾಕು ಬಿಡಲು ಆಪ್ತಸಲಹೆ ಸಿಗುತ್ತದೆ. ಆದರೆ ಕರೆ ತಂದೆಯವರೇ ಮಾಡಲಿ.

ಪ್ರಶ್ನೆ ಕೇಳಿದವರು:
ಅಪ್ಪನವರಿಗೆ ಹಿಂದೆ ಕ್ಷಯವಾಗಿತ್ತು. ಹಳೆಯ ಎಕ್ಸ್‌ರೇ ಟ್ರಂಕಿನಲ್ಲಿದೆ. ಅದನ್ನು ತೆಗೆದುಕೊಂಡೇ ಸೋಮವಾರ ಕಲಬುರಗಿಗೆ ಬರುತ್ತೇವೆ.