ಪದಚರ್ಚೆ: ‘ದೇಹಬಿಂಬ’ ಒಂದೇ ಸಾಕೇ? ಅನೊರೆಕ್ಸಿಯಾದಿಂದ ಹೊರಬಂದವರ ಬಗ್ಗೆ ಬರೆಯಲು ಪದಗಳು ಬೇಕಾಗಿವೆ

ಗೆಳೆಯರೇ,

ಊಟ ಬಿಟ್ಟು ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಅನೊರೆಕ್ಸಿಯಾ ನರ್ವೋಸಾ ಎಂಬ ಮಾನಸಿಕ ಕಾಯಿಲೆಯಿಂದ ಹೊರಬಂದವರ ಮನೆಯವರಿಗೆಂದು ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ‘ಬಾಡಿ ಇಮೇಜ್’, ಅಂದರೆ ನಮ್ಮ ಮೈಯನ್ನು ನಾವೇ ಕಾಣುವ, ಅಂದಾಜಿಸುವ ಬಗೆ, ಎಂಬ ಮಾತು ಬಂದಲ್ಲೆಲ್ಲ ಕೈ ನಿಲ್ಲುತ್ತಿದೆ. ‘ದೇಹಬಿಂಬ’, ‘ದೇಹಪ್ರತಿಮೆ’, ‘ದೇಹಚಿತ್ರಣ’ ಎಲ್ಲವೂ ಅಲ್ಲಿಲ್ಲಿ ಬಳಕೆಯಲ್ಲಿವೆ. ಇನ್ನು ಕೆಲವರು ಸಲೀಸಾಗಿ ‘ರೂಪದ ಬಗ್ಗೆ ಕೀಳರಿಮೆ’ ಎಂದು ಬರೆದುಬಿಡುತ್ತಾರೆ. ಈ ಕೊನೆಯದು ನನ್ನನ್ನು ತುಂಬ ಕಾಡುತ್ತಿದೆ. ಮಗಳಿಗಿರುವುದು ಕೀಳರಿಮೆ ಎಂದು ಓದಿದ ತಾಯಿ ‘ನೀನು ಚೆನ್ನಾಗೇ ಇದ್ದೀಯಲ್ಲೇ’ ಎಂದು ಸಮಾಧಾನ ಹೇಳುತ್ತಾಳೆ. ಅದು ನಾಟದಿದ್ದಾಗ ‘ಇವಳಿಗೆ ಹಟ’ ಎನ್ನುತ್ತಾಳೆ. ಮಿದುಳಿನ ಅಧ್ಯಯನಗಳು ಹೇಳುತ್ತಿರುವುದೇ ಬೇರೆ. ಅದಕ್ಕೇ ವಿಷಯವನ್ನು ಸ್ವಲ್ಪ ಬಿಡಿಸಿ ನಿಮ್ಮ ಮುಂದಿಡುತ್ತೇನೆ.

ಮೊದಲು ಕಾಯಿಲೆಯ ಹೆಸರು. ಲಂಡನ್ನಿನ ವೈದ್ಯ ವಿಲಿಯಂ ಗಲ್ 1868ರಲ್ಲಿ ಇದನ್ನು ‘ಅಪೆಪ್ಸಿಯಾ ಹಿಸ್ಟೆರಿಕಾ’ ಎಂದು ಕರೆದಿದ್ದರು. ಅಪೆಪ್ಸಿಯಾ ಎಂದರೆ ಅಜೀರ್ಣ. ತಿಂದದ್ದು ಜೀರ್ಣವಾಗುತ್ತಲೇ ಇದೆ ಎಂದು ಕಂಡಮೇಲೆ, 1873ರ ಹೊತ್ತಿಗೆ, ಅವರೇ ಅದನ್ನು ‘ಅನೊರೆಕ್ಸಿಯಾ’ ಎಂದು ತಿದ್ದಿದರು. ಗಂಡಸರಿಗೂ ಬರುವ ಕಾಯಿಲೆ ಇದು ಎಂಬ ಕಾರಣಕ್ಕೆ, ಹೆಂಗಸರಿಗೇ ಅಂಟಿಕೊಂಡಿದ್ದ ‘ಹಿಸ್ಟೆರಿಕಾ’ ಬಿಟ್ಟು ‘ನರ್ವೋಸಾ’ (ನರಗಳಿಗೆ ಸಂಬಂಧಿಸಿದ್ದು) ಹಿಡಿದರು. ಅದೇ 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಾಸೇಗ್ ಕೂಡ ಇದೇ ಕಾಯಿಲೆಯನ್ನು ವಿವರಿಸಿದ್ದರು. ಹೆಸರೇನೋ ನಿಂತಿತು, ಆದರೆ ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಹಸಿವಿಲ್ಲದಿರುವುದು’. ಕಾಯಿಲೆಯ ಹಲವರಿಗೆ ಹಸಿವು ಆಗುತ್ತಲೇ ಇರುತ್ತದೆ, ಅವರು ಅದರ ಜೊತೆ ಸೆಣಸುತ್ತಿರುತ್ತಾರೆ. ನಮ್ಮ ‘ಅರುಚಿ’, ‘ಅಗ್ನಿಮಾಂದ್ಯ’, ‘ಹಸಿವಾಗದ ರೋಗ’ ಎಲ್ಲವೂ ಆ ಮೂಲದ ತಪ್ಪನ್ನೇ ಹೊತ್ತುಕೊಂಡಿವೆ. ಜ್ವರ ಬಂದಾಗ ಬಾಯಿ ಕಹಿಯಾಗಿ ಊಟ ಸೇರದಿರುವುದನ್ನು ಅರುಚಿ ಅನ್ನುತ್ತೇವೆ, ಇದು ಅದಲ್ಲ. ‘ಅನಶನ’, ‘ನಿರಶನ’ ಕೂಡ ಒಗ್ಗುವುದಿಲ್ಲ. ಒಂದರಲ್ಲಿ ವ್ರತವಿದೆ, ಇನ್ನೊಂದರಲ್ಲಿ ಚಳವಳಿಯಿದೆ. ಎರಡೂ ತಿಳಿದು ಮಾಡುವ ಸಂಕಲ್ಪಗಳು.

ಜರ್ಮನ್ನರು ‘ಮಾಗರ್‌ಜುಖ್ಟ್’ ಎನ್ನುತ್ತಾರೆ, ಹೆಚ್ಚುಕಡಿಮೆ ‘ತೆಳ್ಳಗಾಗುವ ಗೀಳು’. ಗೀಳು ನಮಗೆ ಪರಿಚಿತ ಪದ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯಲೇಖಕರು ‘ಗೀಳು’, ‘ಖಿನ್ನತೆ’ಗಳನ್ನು ಮನೆಮನೆಗೆ ತಲುಪಿಸಿದ್ದಾರೆ. ಆದರೆ ತೆಳ್ಳಗಾಗುವ ಆಸೆಯನ್ನೇ ಹೆಸರಾಗಿಸಿದರೆ ನಮ್ಮ ದೇಶದ ಕೆಲವು ರೋಗಿಗಳು ಅದರೊಳಗೆ ಬರುವುದಿಲ್ಲ. ದೆಹಲಿಯ ಏಮ್ಸ್‌ನ ಮನೋವೈದ್ಯರು 1995ರಲ್ಲಿ ಐವರು ಯುವತಿಯರ ವಿವರ ಪ್ರಕಟಿಸಿದರು. ಊಟ ಬಿಟ್ಟು ತೂಕ ಇಳಿದಿತ್ತು, ಆದರೆ ಪಾಶ್ಚಾತ್ಯ ಪಠ್ಯಗಳು ಹೇಳುವ ದೇಹಬಿಂಬದ ಏರುಪೇರು ಅವರಲ್ಲಿ ಕಾಣಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಅವರೂ ದಪ್ಪಗಾಗುವ ಭಯವಿಲ್ಲದ ಅನೊರೆಕ್ಸಿಯಾವನ್ನು ವಿವರಿಸಿದ್ದಾರೆ. ಜಪಾನೀಯರ ‘ಕ್ಯೊಶೊಕುಶೋ’ ನನಗೆ ಹೆಚ್ಚು ಹಿಡಿಸಿತು. ಅದು ‘ಊಟ ನಿರಾಕರಿಸುವ ಕಾಯಿಲೆ’ ಎಂದಷ್ಟೇ ಹೇಳಿ ಕಾರಣದ ಗೊಡವೆಗೆ ಹೋಗುವುದಿಲ್ಲ. ನಮ್ಮಲ್ಲಿ ಧಾರವಾಡ ಕಡೆಯ ‘ಒಲ್ಲೆ’ ಇದೆಯಲ್ಲ, ‘ಊಟಾ ಒಲ್ಲೆ ಅಂತಾಳ’ ಎನ್ನುತ್ತಾರಲ್ಲ, ಅದರಿಂದ ‘ಉಣಲೊಲ್ಲದ ಬೇನೆ’ ಎಂದರೆ ಹೇಗೆ? ಹಸಿವು ಇದೆಯೋ ಇಲ್ಲವೋ, ತೆಳ್ಳಗಾಗಬೇಕೋ ಬೇಡವೋ, ಏನನ್ನೂ ಮೊದಲೇ ತೀರ್ಮಾನಿಸದ ಹೆಸರು. ಮೊದಲ ಬಾರಿ ಬಂದಾಗ ಪಕ್ಕದಲ್ಲಿ ‘ಅನೊರೆಕ್ಸಿಯಾ’ ಎಂದೂ ಬರೆಯಬಹುದು.

ಈಗ ಮುಖ್ಯ ತೊಡಕಿಗೆ ಬರುತ್ತೇನೆ. ‘ಬಾಡಿ ಇಮೇಜ್’ ಎಂಬ ಒಂದೇ ಮಾತಿನಡಿ ಬೇರೆಬೇರೆ ಸಂಗತಿಗಳು ಸೇರಿಕೊಂಡಿವೆ, ಮಿದುಳಿನಲ್ಲೂ ಅವುಗಳ ಜಾಗ ಬೇರೆಬೇರೆ.

ಕಣ್ಣಿಗೆ ಕಾಣುವ ಮೈ ಒಂದು. ಮಿದುಳಿನ ಹಿಂಭಾಗದ ಪಕ್ಕದಲ್ಲಿ, ಮನುಷ್ಯರ ಮೈಯ ಚಿತ್ರ ಕಂಡರೆ ವಿಶೇಷವಾಗಿ ಚುರುಕಾಗುವ ಒಂದು ಪ್ರದೇಶವಿದೆ ಎಂದು 2001ರಲ್ಲಿ ಪಾಲ್ ಡೌನಿಂಗ್, ನ್ಯಾನ್ಸಿ ಕ್ಯಾನ್‌ವಿಷರ್ ಮೊದಲಾದವರು ತೋರಿಸಿದರು. ಕುರ್ಚಿ, ಕಾರು ಕಂಡರೆ ಅದು ಅಷ್ಟು ಚುರುಕಾಗುವುದಿಲ್ಲ. ಅನೊರೆಕ್ಸಿಯಾ ಇರುವ ಹೆಂಗಸರಲ್ಲಿ ಈ ಪ್ರದೇಶದ ಬೂದುದ್ರವ್ಯದ (ನರಕೋಶಗಳು ಒತ್ತಾಗಿರುವ ಮಿದುಳಿನ ಭಾಗದ) ಸಾಂದ್ರತೆ ಕಡಿಮೆಯಿದೆ ಎಂಬ ಅಧ್ಯಯನ 2010ರಲ್ಲಿ ಬಂತು. ಇದಕ್ಕೆ ‘ದೇಹಬಿಂಬ’ ಸರಿಯಾಗಿ ಹೊಂದುತ್ತದೆ. ಬಿಂಬ ಎಂದರೆ ಕನ್ನಡಿ, ಕನ್ನಡಿ ಎಂದರೆ ಕಣ್ಣು.

ಕನ್ನಡಿಗೆ ಸಂಬಂಧವೇ ಇಲ್ಲದ ಇನ್ನೊಂದಿದೆ. ಹಳೇ ಮನೆಯ ಗಿಡ್ಡ ಬಾಗಿಲಿಗೆ ಬಂದಾಗ ತಲೆ ತಾನೇ ಬಗ್ಗುತ್ತದೆ, ಯಾರೂ ಲೆಕ್ಕ ಹಾಕಿ ಬಗ್ಗುವುದಿಲ್ಲ. ನಮ್ಮ ಮೈ ಎಷ್ಟು ಎತ್ತರ, ಎಷ್ಟು ಅಗಲ ಎಂಬ ಅಂದಾಜು ಒಳಗೇ ಕೆಲಸ ಮಾಡುತ್ತಿರುತ್ತದೆ. ನರವೈದ್ಯರಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲೇ ಇದನ್ನು ‘ಸ್ಕೀಮಾ’ ಎಂದು ಕರೆದರು. ಈ ಅಂದಾಜೂ ತಪ್ಪುತ್ತದೆ ಎಂದು ತೋರಿಸಿದ ಪ್ರಯೋಗವೊಂದು ನೆದರ್‌ಲೆಂಡ್ಸ್‌ನ ಊಟ್ರೆಕ್ಟ್‌ನ ಸಂಶೋಧಕಿ ಅನೂಕ್ ಕೈಝರ್ ಅವರ ತಂಡದಿಂದ 2013ರಲ್ಲಿ ಬಂತು. ಅಗಲ ಬದಲಾಗುತ್ತ ಹೋಗುವ ಬಾಗಿಲಿನಂಥ ಸಂದಿಗಳಲ್ಲಿ ಜನರನ್ನು ನಡೆಸಿದರು. ಗಮನ ಮೈಯ ಕಡೆ ಹೋಗದಿರಲೆಂದು ಬೇರೊಂದು ಕೆಲಸ ಕೊಟ್ಟಿದ್ದರು. ಸಂದಿ ಇಕ್ಕಟ್ಟಾದಾಗ ಯಾರೇ ಆಗಲಿ ಭುಜ ಓರೆ ಮಾಡಿ ನುಸುಳುತ್ತಾರೆ. ಆರೋಗ್ಯವಂತರು ಸಂದಿ ತಮ್ಮ ಭುಜಕ್ಕಿಂತ 25 ಶೇಕಡಾ ಅಗಲವಿದ್ದಾಗ ಓರೆಯಾಗತೊಡಗಿದರೆ, ಅನೊರೆಕ್ಸಿಯಾ ಇದ್ದವರು 40 ಶೇಕಡಾ ಅಗಲವಿದ್ದಾಗಲೇ ಓರೆಯಾದರು. ಯಾರಿಗೆ ಚೆಂದ ಕಾಣಬೇಕೆಂದೂ ಅಲ್ಲ, ಕನ್ನಡಿಯೂ ಇಲ್ಲ, ಯೋಚನೆಯೂ ಇಲ್ಲ. ಕಾಲು ನಡೆಯುತ್ತಿದೆ, ಭುಜ ತಾನಾಗಿ ತಿರುಗುತ್ತಿದೆ, ಅಷ್ಟೇ. ಚಿಕಿತ್ಸೆ ಮುಗಿಸಿದವರಲ್ಲೂ ಈ ಏರುಪೇರು ಪೂರ್ತಿ ಹೋಗಿರುವುದಿಲ್ಲ ಎಂದು ಕೈಝರ್ ಅವರಿದ್ದ 2017ರ ಮತ್ತೊಂದು ಅಧ್ಯಯನ ಹೇಳಿತು. ಇದನ್ನು ‘ಕೀಳರಿಮೆ’ ಎನ್ನಲು ಬರುತ್ತದೆಯೇ? ‘ಮೈಯಂದಾಜು’ ಎಂಬ ಪದ ನನಗೆ ತೋಚಿದ್ದು. ‘ದೇಹನಕ್ಷೆ’ ಎಂದರೆ ಕಾಗದದ ಮೇಲಿನ ನಕಾಶೆ ನೆನಪಾಗುತ್ತದೆ.

ಮತ್ತೊಂದು, ಒಳಗಿನಿಂದ ಬರುವ ಸುದ್ದಿ: ಹಸಿವು, ಹೊಟ್ಟೆ ತುಂಬಿದ ಭಾವ, ಎದೆಬಡಿತ. ಇದರ ಮುಖ್ಯ ಠಾಣೆ ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ. ಮನೋವೈದ್ಯೆ ಹಿಲ್ಡೆ ಬ್ರುಖ್ 1962ರ ಲೇಖನದಲ್ಲೇ ದೇಹಬಿಂಬದ ತೊಂದರೆ ಮತ್ತು ಒಳಗಿನ ಸೂಚನೆಗಳನ್ನು ಗುರುತಿಸುವ ತೊಂದರೆ ಎರಡನ್ನೂ ಬೇರೆಬೇರೆಯಾಗಿ ಹೇಳಿದ್ದರು. 2008ರಲ್ಲಿ ವಾಲ್ಟರ್ ಕೇ ಅವರ ತಂಡ ಅನೊರೆಕ್ಸಿಯಾದಿಂದ ಗುಣವಾಗಿದ್ದ ಹೆಂಗಸರ ನಾಲಿಗೆಗೆ ಸ್ಕ್ಯಾನರ್‌ ಒಳಗೇ ಸಕ್ಕರೆ ನೀರು, ಬರಿ ನೀರು ಕೊಟ್ಟು ನೋಡಿತು. ಅವರ ಇನ್ಸುಲಾ ಇತರರಷ್ಟು ಸ್ಪಂದಿಸಲಿಲ್ಲ. ಇತರರಲ್ಲಿ ‘ಸಿಹಿ ಹಿತವಾಗಿದೆ’ ಎಂಬ ಅನಿಸಿಕೆಗೂ ಇನ್ಸುಲಾದ ಸ್ಪಂದನೆಗೂ ತಾಳೆಯಿತ್ತು, ಗುಣವಾದವರಲ್ಲಿ ಆ ತಾಳೆ ಕಾಣಲಿಲ್ಲ. ತೂಕ ಸರಿಹೋಗಿದೆ, ಊಟ ನಡೆಯುತ್ತಿದೆ, ಆದರೂ ಒಳಗಿನ ಸುದ್ದಿ ಮಂದವಾಗಿದೆ. ಇಂಥವರಿಗೆ ‘ಹಸಿವಾದಾಗ ಉಣ್ಣು’ ಎಂಬ ಮಾತು ಸಾಲದು, ಗಡಿಯಾರ ನೋಡಿ ಉಣ್ಣಬೇಕಾಗುತ್ತದೆ. ಇದಕ್ಕೆ ‘ಒಡಲರಿವು’ ಎಂದರೆ ಹೇಗಿದ್ದೀತು? ಒಡಲು ಎಂದರೆ ಹೊಟ್ಟೆಯೂ ಹೌದು, ಇಡೀ ಮೈಯೂ ಹೌದು. ‘ದೇಹಪ್ರಜ್ಞೆ’ಯಲ್ಲಿ ಈ ಹೊಟ್ಟೆ ಇಲ್ಲ.

‘ಗುಣವಾದವರು’ ಎಂದು ಈಗಷ್ಟೇ ಬರೆದೆ. ಅಲ್ಲೂ ತಕರಾರಿದೆ. ಸಂಶೋಧಕರು ಗುಣವಾದವರನ್ನೇ ಏಕೆ ಹುಡುಕುತ್ತಾರೆ? ಉಪವಾಸವೇ ಮಿದುಳನ್ನು ಬದಲಿಸುತ್ತದೆ, ಬೂದುದ್ರವ್ಯ ಕುಗ್ಗುತ್ತದೆ, ತೂಕ ಮರಳಿದಾಗ ಬಹುಪಾಲು ಮರಳುತ್ತದೆ. ಅಮೆರಿಕದಲ್ಲಿ ಹಸಿವಿನ ಪರಿಣಾಮ ತಿಳಿಯಲು ನಡೆಸಿದ 1944–45ರ ಮಿನೆಸೋಟ ಪ್ರಯೋಗದಲ್ಲಿ ಅರೆಹೊಟ್ಟೆಯಲ್ಲಿದ್ದ 36 ಆರೋಗ್ಯವಂತ ಗಂಡಸರೂ ಊಟದ ಧ್ಯಾನದಲ್ಲೇ ಮುಳುಗಿದ್ದರು. ಹಸಿವಿನ ಪರಿಣಾಮ ಯಾವುದು, ಕಾಯಿಲೆಯದು ಯಾವುದು ಎಂದು ಬಿಡಿಸಲು ಮತ್ತೆ ಹೊಟ್ಟೆಗೆ ಅನ್ನ ಬಿದ್ದವರನ್ನೇ ನೋಡಬೇಕು. ಹಾಗಾಗಿ ಕೇ ಅವರ ತಂಡ ಕನಿಷ್ಠ ಒಂದು ವರ್ಷ ತೂಕ ನಿಂತವರನ್ನು, ಮುಟ್ಟು ಸರಿಯಾಗಿ ಬರುತ್ತಿರುವವರನ್ನು, ಊಟ ಬಿಡದವರನ್ನು ಮಾತ್ರ ಆರಿಸಿಕೊಳ್ಳುತ್ತದೆ. ಹೀಗಿದ್ದರೂ, ಉಳಿದ ವ್ಯತ್ಯಾಸ ಮೊದಲಿನಿಂದ ಇದ್ದದ್ದೋ ಕಾಯಿಲೆ ಬಿಟ್ಟುಹೋದ ಗುರುತೋ ಎಂಬುದು ನಂತರದ ಸ್ಕ್ಯಾನ್ ಒಂದರಿಂದಲೇ ತಿಳಿಯುವುದಿಲ್ಲ.

ನಮ್ಮ ‘ಗುಣಮುಖ’ ಇಲ್ಲಿ ಕೈಕೊಡುತ್ತದೆ. ಪದ ಬಿಡಿಸಿದರೆ ಗುಣದ ಕಡೆ ಮುಖ ಮಾಡಿದವರು, ಇನ್ನೂ ದಾರಿಯಲ್ಲಿರುವವರು. ಪತ್ರಿಕೆಗಳಲ್ಲಿ ಅದು ಪೂರ್ತಿ ವಾಸಿಯಾದವರಿಗೇ ಸಲ್ಲುತ್ತಿದೆ. ‘ಚೇತರಿಕೆ’ ನಡೆಯುತ್ತಿರುವ ಕ್ರಿಯೆ. ದಾರಿಯಲ್ಲಿರುವವರಿಗೆ ‘ಚೇತರಿಸಿಕೊಳ್ಳುತ್ತಿರುವವರು’, ವರ್ಷ ದಾಟಿದವರಿಗೆ ‘ಗುಣವಾದವರು’ ಎಂದು ನಾನು ಹಂಚಿಕೊಂಡಿದ್ದೇನೆ, ‘ಗುಣಮುಖ’ವನ್ನು ಕೈಬಿಟ್ಟಿದ್ದೇನೆ. ನಿಮಗೆ ಒಪ್ಪಿಗೆಯೇ?

ಇನ್ನೊಂದು, ಮನೆಯ ಮಾತು. ಹಿರಿಯರ ಕನ್ನಡದಲ್ಲಿ ತೆಳ್ಳಗಾದರೆ ‘ಬಡವಾಗಿದ್ದೀಯ’, ‘ಸೊರಗಿದ್ದೀಯ’, ‘ಇಳಿದುಹೋಗಿದ್ದೀಯ’. ತೂಕ ಬಂದರೆ ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ’. ಇದು ಅಪ್ಪಟ ಅಕ್ಕರೆಯ ಮಾತು. ಹೆಣ್ಣು ನೋಡುವ ಮಾತುಕತೆಯಲ್ಲಿ ಮಾತ್ರ ‘ತೆಳ್ಳಗೆ ಬೆಳ್ಳಗೆ’ ನುಸುಳುತ್ತದೆ. ಎರಡನ್ನೂ ಕೇಳಿ ಬೆಳೆದ ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಅತ್ತೆಯೋ ದೊಡ್ಡಮ್ಮನೋ ಗಲ್ಲ ಹಿಡಿದು ‘ಈಗ ಮೈ ತುಂಬಿಕೊಂಡೆ ನೋಡು’ ಎಂದರೆ, ಅವಳ ಕಿವಿಗೆ ಬೀಳುವುದು ‘ದಪ್ಪಗಾದೆ’ ಎಂದೇ. ‘ಮೈಯ ಮಾತೇ ಬೇಡ’ ಎಂದು ಹೊತ್ತಗೆಯಲ್ಲಿ ಬರೆಯುವುದು ಸುಲಭ. ಆದರೆ ಬಾಯಿ ತುಂಬ ಮಾತಾಡುವ ದೊಡ್ಡಮ್ಮನ ಕೈಗೆ ಬದಲಿಗೆ ಒಂದು ಮಾತನ್ನು ಕೊಡಲೇಬೇಕು. ‘ಬಂದೆಯಾ, ನಿನ್ನ ನೋಡಿ ಸಂತೋಷ ಆಯ್ತು’ ಎಂದು ಸದ್ಯಕ್ಕೆ ಹಾಕಿದ್ದೇನೆ.

ಕರಾವಳಿಯವರು, ಹವ್ಯಕ ಕನ್ನಡ ಆಡುವವರು, ಕಲಬುರಗಿ ಬೀದರ್ ಕಡೆಯವರು ದಯವಿಟ್ಟು ತಿಳಿಸಿ: ಬಹುದಿನದ ಕಾಯಿಲೆ ಬಿದ್ದು ಎದ್ದವರನ್ನು, ಅವರ ಮೈಯ ಸುದ್ದಿ ಎತ್ತದೆ, ನಿಮ್ಮಲ್ಲಿ ಏನೆಂದು ಮಾತಾಡಿಸುತ್ತಾರೆ? ‘ಮೈಯಂದಾಜು’, ‘ಒಡಲರಿವು’ ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ? ‘ಒಲ್ಲೆ’ ಮಂಡ್ಯ ಮೈಸೂರಿನ ಓದುಗರಿಗೆ ವಿವರಣೆಯಿಲ್ಲದೆ ದಕ್ಕುತ್ತದೆಯೇ, ಇಲ್ಲ ‘ಉಣಬೇಡವೆನ್ನುವ ಬೇನೆ’ ಎಂದು ಮಾಡಬೇಕೇ?