ಹಳ್ಳಿ ಶಾಲೆಯ ಹುಡುಗಿಯರಿಗೆ ಸೈನ್ಸ್‌ನಲ್ಲಿ ಮೆಂಟರ್ ಆಗಬೇಕು, ಭಾಷಣ ಬಿಟ್ಟು ಏನು ಮಾಡಬಹುದು?

ತುಂಗಭದ್ರೆ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಫರ್ಮ್‌ವೇರ್ ಇಂಜಿನಿಯರ್. ನಾನು ಓದಿದ ಸರ್ಕಾರಿ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಮೆಂಟರ್ ಆಗಬೇಕು ಅಂತ ಆಸೆ ಇದೆ. ಒಂದು ದಿನ ಹೋಗಿ ಬರುವಂಥದ್ದಲ್ಲ, ಮೂರ್ನಾಲ್ಕು ವರ್ಷ ಅವರ ಬೆನ್ನಿಗೆ ನಿಲ್ಲುವಂಥದ್ದು. ಹೇಗೆ ಶುರು ಮಾಡಬೇಕು ಅಂತ ಅನುಭವ ಇದ್ದವರು ಹೇಳಿ.

ಹೋದ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಹೆಡ್‌ಮಾಸ್ಟರ್ ಕರೆದಿದ್ದರು. ಹೋಗಿ ಮಾತಾಡಿದೆ. ಮಲ್ಟಿಮೀಟರ್, ಆರ್ಡುಯಿನೊ ಅನ್ನುವ ಪ್ರೋಗ್ರಾಂ ಬರೆದು ಓಡಿಸುವ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್, ಸ್ವಲ್ಪ ಎಲ್‌ಇಡಿ ತಗೊಂಡು ಹೋಗಿ ತೋರಿಸಿದೆ. ಮಕ್ಕಳಿಗೆ ಖುಷಿಯಾಯಿತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯರು ಸುತ್ತ ನಿಂತು ಕೇಳಿದ ಪ್ರಶ್ನೆಗಳಲ್ಲಿ ವಿಜ್ಞಾನದ್ದು ಒಂದೂ ಇರಲಿಲ್ಲ. ಪಿಯುಸಿಗೆ ಹಾಸ್ಟೆಲ್ ಸಿಗುತ್ತದಾ, ಟ್ಯೂಷನ್ ಇಲ್ಲದೆ ಸೈನ್ಸ್ ಪಾಸಾಗಲು ಆಗುತ್ತದಾ, ಇಂಗ್ಲಿಷ್ ಬರದಿದ್ದರೆ ಏನು ಮಾಡಬೇಕು, ಬರೀ ಇವೇ. ಒಬ್ಬಳಂತೂ ಕೈ ಹಿಡಿದುಕೊಂಡು "ಅಕ್ಕಾ, ನಮ್ಮಪ್ಪಗ ನೀವೇ ಒಂದ್ಮಾತು ಹೇಳ್ರಿ" ಅಂದಳು. ಗಣಿತದಲ್ಲಿ ಇಡೀ ಶಾಲೆಗೇ ಅವಳು ಮೊದಲು. ಜೂನ್‌ನಲ್ಲಿ ವಿಚಾರಿಸಿದರೆ ಆರ್ಟ್ಸ್ ಸೇರಿದ್ದಳು, ಯಾಕೆಂದರೆ ಊರಿಗೆ ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇಲ್ಲ. ಆರ್ಟ್ಸ್ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಬೇಕಾಗಿದ್ದು ಅದಲ್ಲ, ಅಷ್ಟೇ.

ಹಾಗಾಗಿ ನನ್ನ ಪ್ರಶ್ನೆ ಇದು. ಯಾವ ಕ್ಲಾಸಿನಿಂದ ಹಿಡಿಯಬೇಕು? ಬೆಂಗಳೂರಿನಲ್ಲಿ ಕೂತು ಎಷ್ಟು ಮಾಡಬಹುದು? ಮನೆಯವರ ಹತ್ತಿರ ಮಾತಾಡುವುದು ಹೇಗೆ? ಸ್ಫೂರ್ತಿ ತುಂಬಿ ಅಂತ ಮಾತ್ರ ಹೇಳಬೇಡಿ ದಯವಿಟ್ಟು, ಆ ಮಕ್ಕಳಲ್ಲಿ ಅದಕ್ಕೆ ಕೊರತೆ ಇಲ್ಲ.

ವಿಜ್ಞಾನ ಮೇಷ್ಟ್ರು, ಹಾವೇರಿ ಜಿಲ್ಲೆ

ಮೇಡಂ, ಹತ್ತನೇ ಕ್ಲಾಸಿಗೆ ಬಂದರೆ ತಡವಾಗುತ್ತದೆ. ಎಂಟನೇ ಕ್ಲಾಸಿನಿಂದ ಹಿಡಿಯಿರಿ. ಅದಕ್ಕೆ ನೇರವಾದ ಕಾರಣ ಇದೆ. ಎನ್‌ಎಂಎಂಎಸ್ ಅನ್ನುವ ಕೇಂದ್ರದ ಸ್ಕಾಲರ್‌ಶಿಪ್ ಪರೀಕ್ಷೆ ಇರುವುದು ಎಂಟನೇ ಕ್ಲಾಸಿನಲ್ಲಿ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮನೆಯ ವರಮಾನ 3.5 ಲಕ್ಷದ ಒಳಗಿರಬೇಕು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ದೊಡ್ಡ ದುಡ್ಡಲ್ಲ, ನಿಜ. ಆದರೆ ಮಗಳ ಹೆಸರಿನ ಖಾತೆಗೆ ಅವಳ ಓದಿನಿಂದಲೇ ದುಡ್ಡು ಬಿತ್ತು ಅಂದರೆ ಮನೆಯಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ನಮ್ಮ ಶಾಲೆಯಲ್ಲಿ ನೋಡಿದ್ದೇನೆ.

ಎರಡನೆಯದು ಏಪ್ರಿಲ್, ಮೇ ತಿಂಗಳು. ಎಸ್‌ಎಸ್‌ಎಲ್‌ಸಿ ಬರೆದು ಪಿಯುಸಿ ಸೇರುವ ಮುಂಚಿನ ಆ ರಜೆಯೇ ನಮ್ಮ ಹುಡುಗಿಯರಿಗೆ ದೊಡ್ಡ ಗಂಡಾಂತರ. ಮದುವೆ ಮಾತು ಬರುವುದು ಆಗಲೇ, ದುಡಿಯಲು ಕಳಿಸುವುದು ಆಗಲೇ, ಸೈನ್ಸ್ ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗುವುದೂ ಆಗಲೇ. ನೀವು ವರ್ಷಕ್ಕೆ ಒಂದೇ ಸಲ ರಜೆ ಹಾಕಿ ಬರುವುದಾದರೆ ಆ ಹೊತ್ತಿಗೆ ಬನ್ನಿ, ವಿಜ್ಞಾನ ದಿನಕ್ಕೆ ಬೇಡ. ಆಗ ಇಂಗ್ಲಿಷ್ ಪದಗಳ ಭಯವನ್ನೂ ಸ್ವಲ್ಪ ಕಳೆಯಬಹುದು. ವೇಗೋತ್ಕರ್ಷ, ವಕ್ರೀಭವನ, ವಿಭವಾಂತರ ಎಲ್ಲವೂ ಕನ್ನಡದಲ್ಲಿ ಚೆನ್ನಾಗಿ ಗೊತ್ತಿರುವ ಹುಡುಗಿ ಜೂನ್‌ನಲ್ಲಿ ಆಕ್ಸಿಲರೇಷನ್, ರಿಫ್ರಾಕ್ಷನ್ ಅಂತ ಕೇಳಿ ಇದೆಲ್ಲ ಹೊಸ ಪಾಠ ಅಂದುಕೊಂಡು ಕುಸಿದುಹೋಗುತ್ತಾಳೆ. ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಪದ ಅಕ್ಕಪಕ್ಕ ಬರೆಸಿ, ಗೊತ್ತಿರುವ ಲೆಕ್ಕವನ್ನೇ ಇಂಗ್ಲಿಷ್‌ನಲ್ಲಿ ಮತ್ತೆ ಮಾಡಿಸಿ. ಒಂದು ತಿಂಗಳು ಸಾಕು.

ಇನ್ನೊಂದು, ಲ್ಯಾಬಿನ ವಿಷಯ. ಗಂಡುಮಕ್ಕಳು ವೈರ್ ಜೋಡಿಸುತ್ತಾರೆ, ಹೆಣ್ಣುಮಕ್ಕಳು ಪಕ್ಕದಲ್ಲಿ ನಿಂತು ರೀಡಿಂಗ್ ಬರೆದುಕೊಳ್ಳುತ್ತಾರೆ. ಅಕ್ಷರ ಚೆನ್ನಾಗಿದೆ ಅಂತ ರೆಕಾರ್ಡ್ ಬರೆಯುವ ಕೆಲಸ ಅವರಿಗೇ. ಎಲ್ಲ ಕಡೆ ಹೀಗೇ ನಡೆಯುತ್ತದೆ, ಯಾರೂ ಬೇಕೆಂದು ಮಾಡುವುದಲ್ಲ. ನಾನು ಈಗ ಹುಡುಗಿಯರದೇ ಗುಂಪು ಮಾಡಿ ಸರ್ಕ್ಯೂಟ್ ಕಟ್ಟಿಸುತ್ತೇನೆ. ನೀವು ಮುಂದಿನ ಸಲ ಆರ್ಡುಯಿನೊ ತಂದಾಗ ತೋರಿಸಬೇಡಿ, ಅವರ ಕೈಗೆ ಕೊಡಿ. ಸುಟ್ಟರೆ ಸುಡಲಿ.

ಕೇಂದ್ರದ ಡಿಎಸ್‌ಟಿ (ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ನಡೆಸುವ ವಿಜ್ಞಾನ ಜ್ಯೋತಿ ಅಂತ ಒಂದು ಯೋಜನೆ ಇದೆ, ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ಹುಡುಗಿಯರಿಗೇ ಮಾಡಿದ್ದು, ನವೋದಯ ವಿದ್ಯಾಲಯಗಳ ಮೂಲಕ ನಡೆಯುತ್ತದೆ. ನಿಮ್ಮ ಜಿಲ್ಲೆಯ ನವೋದಯದಲ್ಲಿ ಒಮ್ಮೆ ವಿಚಾರಿಸಿ.

ಡಿಪ್ಲೊಮಾ ಹುಡುಗಿ

ನಾನು ಇಂಥ ಮೆಂಟರ್ ಒಬ್ಬರ ಕೈಯಲ್ಲಿ ಬೆಳೆದವಳು, ಅದಕ್ಕೇ ಬರೆಯುತ್ತಿದ್ದೇನೆ. ಒಂದರಿಂದ ಹತ್ತರ ತನಕ ಕನ್ನಡ ಮೀಡಿಯಂ. ಈಗ ಚಿಪ್ ವೆರಿಫಿಕೇಷನ್ ಕೆಲಸದಲ್ಲಿದ್ದೇನೆ.

ಎಲ್ಲರೂ ಪಿಯುಸಿ ಸೈನ್ಸ್ ಒಂದೇ ದಾರಿ ಅನ್ನುವ ಹಾಗೆ ಮಾತಾಡುತ್ತಾರೆ. ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಬಹುದು, ಆಮೇಲೆ ಡಿಪ್ಲೊಮಾದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಹೆಣ್ಣುಮಕ್ಕಳಿಗೇ ಇರುವ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳೂ ರಾಜ್ಯದಲ್ಲಿವೆ. ಟ್ಯೂಷನ್‌ಗೆ ದುಡ್ಡಿಲ್ಲದ, ಬೇಗ ಕೈಗೆ ಒಂದು ಕೆಲಸ ಬೇಕು ಅನ್ನುವ ಮನೆಗಳಿಗೆ ಇದು ಒಪ್ಪಿಗೆಯಾಗುವ ಮಾತು. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಪ್ರಗತಿ ಸ್ಕಾಲರ್‌ಶಿಪ್ ಬಗ್ಗೆ ದಯವಿಟ್ಟು ಎಲ್ಲರಿಗೂ ಹೇಳಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಕೊಡುತ್ತದೆ, ಹುಡುಗಿಯರಿಗೆ ಮಾತ್ರ. ಡಿಪ್ಲೊಮಾಗೂ ಉಂಟು, ಇಂಜಿನಿಯರಿಂಗ್‌ಗೂ ಉಂಟು. ವರ್ಷಕ್ಕೆ 50,000 ರೂಪಾಯಿ, ಮನೆಯ ವರಮಾನ 8 ಲಕ್ಷದ ಒಳಗಿದ್ದರೆ ಅರ್ಜಿ ಹಾಕಬಹುದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ತನಕ. ಸೇರಿದ ವರ್ಷವೇ ಹಾಕಬೇಕು. ಗೊತ್ತಿಲ್ಲದೆ ಕೊನೆ ದಿನ ದಾಟಿಸಿಬಿಟ್ಟವರು ನನ್ನ ಕ್ಲಾಸಿನಲ್ಲೇ ಎಷ್ಟೋ ಜನ ಇದ್ದರು. ಸಿಇಟಿ ಕಡೆ ಹೋಗುವವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್ ಇದೆ. ಅದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಸರಿಯಾದ ನಮೂನೆಯಲ್ಲಿ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಜಾತಿ, ಆದಾಯ ಪತ್ರ ನಾಡಕಚೇರಿಯಿಂದ ಮೊದಲೇ ಮಾಡಿಸಿಡಬೇಕು.

ನನ್ನ ಮೆಂಟರ್ ನನಗೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ದೊಡ್ಡ ದೊಡ್ಡ ಮಾತು ಅವರು ಆಡಲೇ ಇಲ್ಲ. ಯಾವ ಫಾರಂ ಯಾವಾಗ ಅಂತ ನೆನಪಿಸುತ್ತಿದ್ದರು, ಡಿಪ್ಲೊಮಾ ಎರಡನೇ ಸೆಮ್‌ನಲ್ಲಿ ಗಣಿತ ಹೋದಾಗ ಹಳೇ ಪ್ರಶ್ನೆಪತ್ರಿಕೆ ಕಳಿಸಿ ಪ್ರತಿ ಭಾನುವಾರ ಫೋನಿನಲ್ಲಿ ಲೆಕ್ಕ ಮಾಡಿಸಿದರು, ಮೊದಲ ಇಂಟರ್‌ವ್ಯೂಗೆ ಮುಂಚೆ "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳು, ಆದ್ರೆ ಹೇಗೆ ಹುಡುಕ್ತೀಯ ಅಂತಾನೂ ಹೇಳು" ಅಂತ ಹೇಳಿಕೊಟ್ಟರು. ಆ ಒಂದು ಮಾತು ಇವತ್ತಿಗೂ ಕೆಲಸದಲ್ಲಿ ಉಪಯೋಗಕ್ಕೆ ಬರುತ್ತಿದೆ.

ಮಗಳ ಅಪ್ಪ

ಮನೆಯವರ ಹತ್ತಿರ ಮಾತಾಡುವುದು ಹೇಗೆ ಅಂತ ಕೇಳಿದ್ದೀರಿ. ನಾನು ರೈತ, ಕೊಪ್ಪಳದ ಕಡೆಯವನು. ಮಗಳು ಈಗ ಬಿಎಸ್ಸಿ ಓದುತ್ತಿದ್ದಾಳೆ. ಮೊದಲು ನಾನೂ ಬೇಡ ಅಂದವನೇ, ಅದಕ್ಕೆ ನನಗಿದ್ದ ಕಾರಣ ಹೇಳುತ್ತೇನೆ.

ಹೆಣ್ಣುಮಕ್ಕಳು ಓದಬಾರದು ಅಂತ ಯಾವ ಅಪ್ಪನೂ ಈಗ ಬಾಯಿಬಿಟ್ಟು ಹೇಳುವುದಿಲ್ಲ. ಭಯ ಬೇರೆಯದೇ ಇರುತ್ತದೆ. ಬಸ್ಸಿನ ವಿಷಯ ತಗೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಒಳ್ಳೆಯದಾಯಿತು. ಆದರೆ ಆರ್ಟ್ಸ್ ಮಕ್ಕಳು ಮಧ್ಯಾಹ್ನವೇ ಊರಿಗೆ ಬರುತ್ತಾರೆ, ಸೈನ್ಸ್‌ನವರಿಗೆ ಪ್ರಾಕ್ಟಿಕಲ್ ಮುಗಿಯುವಾಗ ಸಂಜೆ ಆಗುತ್ತದೆ, ನಮ್ಮೂರಿಗೆ ಆಮೇಲೆ ಬಸ್ಸೇ ಇಲ್ಲ. ಕತ್ತಲಲ್ಲಿ ಕ್ರಾಸಿನಿಂದ ನಡೆದು ಬರಬೇಕು. ಇದಕ್ಕೆ ಉತ್ತರ ಕೊಡದೆ ಮಗಳು ಜಾಣೆ, ಓದಿಸಿ ಅಂದರೆ ನಮಗೆ ಸಿಟ್ಟು ಬರುತ್ತದೆ. ಜಾಣೆ ಅಂತ ನಮಗೆ ಗೊತ್ತಿಲ್ಲವಾ?

ನನ್ನ ಮನಸ್ಸು ತಿರುಗಿದ್ದು ಅವಳ ಶಾಲೆಯ ಟೀಚರಮ್ಮ ಮನೆಗೇ ಬಂದಾಗ. ಅವರು ನನ್ನ ಹೆಂಡತಿಯ ಜೊತೆ ಕೂತು ಮಾತಾಡಿದರು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಎಲ್ಲಿದೆ, ವಾರ್ಡನ್ ಯಾರು, ಅರ್ಜಿ ಯಾವಾಗ, ವಾರಕ್ಕೊಮ್ಮೆ ಮನೆಗೆ ಬರಬಹುದಾ, ಎಲ್ಲ ಬಿಡಿಸಿ ಹೇಳಿದರು. ಆಮೇಲೆ ನಮ್ಮಿಬ್ಬರನ್ನೂ ಹಾಸ್ಟೆಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ನಮ್ಮ ಕಡೆಯ ಹುಡುಗಿಯರೇ ಇದ್ದರು. ತಾಯಂದಿರಿಗೆ ತೋರಿಸಿ ತಂಗಿ, ಅಪ್ಪಂದಿರು ಆಮೇಲೆ ಒಪ್ಪುತ್ತಾರೆ.

ಆಂಟೆನಾ

ಮಗಳ ಅಪ್ಪ ಅವರು ಬರೆದದ್ದನ್ನು ಎರಡು ಸಲ ಓದಿದೆ. ಬಹಳ ಒಳ್ಳೆಯ ಮಾತು ಸರ್.

ನಾನು ಸಂಶೋಧನೆಯಲ್ಲಿರುವವಳು. ಮಹಿಳೆಯರಿಗೆ ಮಹಿಳೆಯರೇ ಮೆಂಟರ್ ಆಗಬೇಕು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನದೇ ಕತೆ ನೋಡಿ. 1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿ ಐಐಎಸ್‌ಸಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದಾಗ ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಆಕೆ ಬಿಡದೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಒಳಗೆ ಬಂದ ಮೇಲೆ ಆಕೆಗೆ ಕೆಲಸ ಕಲಿಸಿದವರು ಎಂ. ಶ್ರೀನಿವಾಸಯ್ಯ ಅನ್ನುವ ಮೇಷ್ಟ್ರು. ಬಹಳ ಕಟ್ಟುನಿಟ್ಟಿನ ಮನುಷ್ಯ. ಹೆಣ್ಣು ಅಂತ ರಿಯಾಯಿತಿ ಕೊಡದೆ, ಹೆಣ್ಣು ಅಂತ ದೂರವೂ ಇಡದೆ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿಸಿದರು. ಆಕೆಯ ಕೆಲಸ ನೋಡಿಯೇ ಅಲ್ಲಿ ಮುಂದಿನ ಹುಡುಗಿಯರಿಗೆ ದಾರಿಯಾಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು.

ಭೌತವಿಜ್ಞಾನಿ ಅನ್ನಾ ಮಣಿ ಅವರದು ಇದಕ್ಕೆ ಉಲ್ಟಾ. ರಾಮನ್ ಅವರ ಲ್ಯಾಬಿನಲ್ಲೇ ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಸಲ್ಲಿಸಿದರು, ಎಂಎಸ್ಸಿ ಇಲ್ಲ ಅನ್ನುವ ಕಾರಣಕ್ಕೆ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಆಮೇಲೆ ಹವಾಮಾನ ಇಲಾಖೆಯಲ್ಲಿ ಅವರು ಮಾಡಿದ ಸಾಧನೆ ಲೋಕಕ್ಕೇ ಗೊತ್ತು. ಆದರೂ ನನಗೆ ಆ ಡಾಕ್ಟರೇಟ್ ವಿಷಯ ಇವತ್ತಿಗೂ ಸಂಕಟ. ಮೆಂಟರ್ ಅಂದರೆ ಲ್ಯಾಬಿನ ಕೆಲಸ ಕಲಿಸುವುದರ ಜೊತೆ ಇಂಥ ನಿಯಮ, ಕಾಗದ, ಸಹಿಗಳ ವಿಷಯದಲ್ಲೂ ಬೆನ್ನಿಗೆ ನಿಲ್ಲುವವರು ಅಂತ ನನ್ನ ಅಭಿಪ್ರಾಯ. ಡಿಪ್ಲೊಮಾ ಹುಡುಗಿ ಅವರು ಫಾರಂ ಬಗ್ಗೆ ಹೇಳಿದ್ದೂ ಅದೇ ತಾನೆ?

ಇನ್ನು ರಾಜೇಶ್ವರಿ ಚಟರ್ಜಿ. ನಮ್ಮ ಮೈಸೂರು ಸೀಮೆಯವರೇ, 1922ರಲ್ಲಿ ಹುಟ್ಟಿದವರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂದರೆ ಮನೆಯಲ್ಲೇ ಓದಿದ ಹೆಣ್ಣು ಇದ್ದರು. 1947ರಲ್ಲಿ ಸ್ಕಾಲರ್‌ಶಿಪ್ ಮೇಲೆ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಮಿಶಿಗನ್‌ನಲ್ಲಿ ಓದಿ, 1953ರಲ್ಲಿ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮೈಕ್ರೋವೇವ್, ಆಂಟೆನಾ ಪಾಠ ಮಾಡಿದರು, ಇಪ್ಪತ್ತು ಜನರಿಗೆ ಪಿಎಚ್‌ಡಿ ಮಾರ್ಗದರ್ಶನ ಕೊಟ್ಟರು. ನಿಮ್ಮ ಶಾಲೆಯ ಹುಡುಗಿಯರ ಮನೆಯಲ್ಲಿ ಅಂಥ ಅಜ್ಜಿ ಇಲ್ಲ. ಆ ಜಾಗದಲ್ಲಿ ನೀವು ನಿಲ್ಲಬೇಕು.

ಮತ್ತೆ ಕೆಲಸಕ್ಕೆ

ಹುಡುಗಿಯರನ್ನು ಒಳಗೆ ತರುವ ಬಗ್ಗೆ ಎಲ್ಲರೂ ಬರೆದಿದ್ದೀರಿ. ಒಳಗೆ ಬಂದವರು ಮೂವತ್ತರ ಆಸುಪಾಸಿನಲ್ಲಿ ಹೊರಗೆ ಹೋಗುತ್ತಿರುವುದನ್ನೂ ಸೇರಿಸಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಬಂತು. ಆದರೆ ರಜೆ ಮುಗಿಸಿ ಬಂದಾಗ ನನ್ನ ಪ್ರಾಜೆಕ್ಟ್ ಬೇರೆಯವರ ಕೈಯಲ್ಲಿತ್ತು, ನನಗೆ ಡಾಕ್ಯುಮೆಂಟೇಷನ್ ಕೊಟ್ಟರು. ಬೇಸತ್ತು ಬಿಟ್ಟೆ. ಮತ್ತೆ ಸೇರಲು ಆಗಿದ್ದು ಹಳೇ ಟೀಮಿನ ಸೀನಿಯರ್ ಒಬ್ಬರು ತಮ್ಮ ಹೊಸ ಕಂಪನಿಯಲ್ಲಿ ನನ್ನ ಹೆಸರು ಹೇಳಿ "ಇವಳನ್ನ ತಗೊಳ್ಳಿ, ಮೂರು ತಿಂಗಳಲ್ಲಿ ಹಿಡಿತಕ್ಕೆ ಬರ್ತಾಳೆ" ಅಂತ ಜವಾಬ್ದಾರಿ ತಗೊಂಡಿದ್ದರಿಂದ. ಸಲಹೆ ಕೊಟ್ಟವರು ಬಹಳ ಜನ, ಹೆಸರು ಹೇಳಿದವರು ಅವರೊಬ್ಬರೇ. ಮೇಡಂ, ನಿಮ್ಮ ಟೀಮಿನಲ್ಲಿ ಇಂಟರ್ನ್ ತಗೊಳ್ಳುವಾಗ ಸರ್ಕಾರಿ ಪಾಲಿಟೆಕ್ನಿಕ್‌ಗಳ ಹುಡುಗಿಯರ ರೆಸ್ಯೂಮೆ ನೀವೇ ತರಿಸಿ ಮುಂದಿಡಿ. ಬೆಂಗಳೂರಿನಲ್ಲಿ ಕೂತೇ ಮಾಡಬಹುದಾದ ಕೆಲಸ ಇದು.

ಸಂಶೋಧನೆ ಬಿಟ್ಟು ಮನೆಯಲ್ಲಿರುವ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ ಡಿಎಸ್‌ಟಿಯ ವೈಸ್-ಕಿರಣ್ ಯೋಜನೆ ನೋಡಿ. ವಿರಾಮದ ನಂತರ ವಾಪಸ್ ಬರುವವರಿಗೂ ಅದರಲ್ಲಿ ಅವಕಾಶ ಇದೆ.

ತುಂಗಭದ್ರೆ ದಂಡೆ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ತಯಾರಿ ಈ ವರ್ಷ ಶುರು ಮಾಡುತ್ತೇನೆ. ಏಪ್ರಿಲ್‌ನಲ್ಲಿ ರಜೆ ಹಾಕಿ ಊರಿಗೆ ಹೋಗಿ ಹತ್ತನೇ ಮುಗಿಸಿದವರಿಗೆ ಪದಗಳ ನೋಟ್‌ಬುಕ್ ಮಾಡಿಸುತ್ತೇನೆ, ತಾಯಂದಿರನ್ನು ಸಿಂಧನೂರಿನ ಹಾಸ್ಟೆಲ್ ನೋಡಲು ಕರೆದುಕೊಂಡು ಹೋಗುತ್ತೇನೆ. ಪಾಲಿಟೆಕ್ನಿಕ್ ರೆಸ್ಯೂಮೆ ವಿಷಯ ಸೋಮವಾರವೇ ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ. ಮೇಷ್ಟ್ರೇ, ಶಾಲೆಯ ಕಡೆಯಿಂದ ಅನುಮತಿ ಹೇಗೆ? ಹುಡುಗಿಯರ ನಂಬರ್ ತಗೊಂಡು ಫೋನ್ ಮಾಡಿದರೆ ಮನೆಯವರು ತಪ್ಪು ತಿಳಿಯುತ್ತಾರಾ?

ವಿಜ್ಞಾನ ಮೇಷ್ಟ್ರು, ಹಾವೇರಿ ಜಿಲ್ಲೆ

ಹೆಡ್‌ಮಾಸ್ಟರ್‌ಗೆ ಒಂದು ಪತ್ರ ಕೊಡಿ, ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲಿ ಇಡಿಸಿ, ಅಲ್ಲಿ ಒಪ್ಪಿದರೆ ಊರೇ ಒಪ್ಪಿದ ಹಾಗೆ. ಮಕ್ಕಳ ನಂಬರ್ ಬೇಡ, ತಾಯಿಯ ನಂಬರಿಗೆ ಮಾಡಿ, ಮೊದಲು ಅವರ ಜೊತೆ ಎರಡು ಮಾತಾಡಿ ಆಮೇಲೆ ಹುಡುಗಿಗೆ ಕೊಡಲು ಹೇಳಿ. ವಿಡಿಯೊ ಕ್ಲಾಸ್ ಮಾಡುವುದಾದರೆ ಶಾಲೆಯ ಸ್ಮಾರ್ಟ್ ಟಿವಿಯಲ್ಲೇ, ಒಬ್ಬರು ಟೀಚರಮ್ಮ ಕೋಣೆಯಲ್ಲಿರುವಾಗ. ಮತ್ತೆ ಶುರುವಿಗೆ ಐದಾರು ಜನರನ್ನು ಮಾತ್ರ ತಗೊಳ್ಳಿ, ಮೊದಲ ರ‍್ಯಾಂಕಿನವರನ್ನೇ ಆರಿಸಬೇಡಿ. ಪ್ರಶ್ನೆ ಕೇಳುವ ಹುಡುಗಿ ಯಾರು ಅಂತ ಅಲ್ಲಿನ ವಿಜ್ಞಾನ ಟೀಚರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ.